ಬಾಡಿದ ಸೊಪ್ಪಿಗೆ ಉಪ್ಪುನೀರು ಯಾಕೆ?

ಸೊಪ್ಪು ಬಾಡಿದೆ ಅಂತ ಉಪ್ಪುನೀರಿನಲ್ಲಿ ಮುಳುಗಿಸಿ ಗಂಟೆಗಟ್ಟಲೆ ಬಿಡುವವರನ್ನು ನೋಡಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಹುಳ ಹೋಗಲಿ ಅಂತ ಒಮ್ಮೆ ಅದ್ದಿ ತೆಗೆಯಿರಿ, ಬೇಡ ಅನ್ನುವುದಿಲ್ಲ. ಅಲ್ಲೇ ಬಿಟ್ಟು ಫೋನ್ ಹಿಡಿದು ಕೂತರೆ ಎಲೆಯಲ್ಲಿ ಉಳಿದಿದ್ದ ನೀರೂ ಹೋಯಿತು.

ಎಲೆ ನೆಟ್ಟಗೆ ನಿಲ್ಲುವುದೇ ಒಳಗಿನ ನೀರಿನ ಒತ್ತಡದಿಂದ. ಪ್ರತಿ ಜೀವಕೋಶದ ಸುತ್ತ ಕೊಬ್ಬಿನ ಎರಡು ಪದರದ ಪೊರೆ ಇದೆ, ದಪ್ಪ ಬರೀ 7–8 ನ್ಯಾನೋಮೀಟರ್. ನೀರು ಓಡಾಡಲೆಂದೇ ಅದರಲ್ಲಿ ಅಕ್ವಾಪೋರಿನ್ ಎಂಬ ಸಣ್ಣ ದಾರಿಗಳಿವೆ. ಅದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಉಪ್ಪು, ಸಕ್ಕರೆ ಅಷ್ಟು ಸಲೀಸಾಗಿ ದಾಟಲಾರವು. ಹಾಗಾಗಿ ಕರಗಿದ್ದು ಯಾವ ಕಡೆ ಜಾಸ್ತಿಯೋ ನೀರು ಆ ಕಡೆ ಹೊರಡುತ್ತದೆ. ಶಾಲೆಯಲ್ಲಿ ಆಸ್ಮಾಸಿಸ್ ಅಂತ ಬಾಯಿಪಾಠ ಮಾಡಿದ್ದು ಇದನ್ನೇ ಅಲ್ವಾ?

ಈಗ ಸರಿಯಾದ ಕ್ರಮ ಕೇಳಿ. ಅಗಲ ಬಾಯಿಯ ಪಾತ್ರೆ, ತಣ್ಣಗಿನ ಸಪ್ಪೆ ನೀರು. ದಂಟಿನ ತುದಿಯನ್ನು ನೀರಿನೊಳಗೇ ಹಿಡಿದು ಬೆರಳಗಲ ಕತ್ತರಿಸಬೇಕು. ಹೊರಗೆ ಕತ್ತರಿಸಿ ಆಮೇಲೆ ಅದ್ದುವುದಲ್ಲ! ದಂಟಿನ ನಾಳಕ್ಕೆ ಗಾಳಿ ನುಗ್ಗಿ ನೀರಿನ ದಾರಿ ಕಟ್ಟಿಕೊಳ್ಳುತ್ತದೆ. ಕತ್ತರಿ ಹರಿತವಾಗಿರಲಿ, ಮೊಂಡಾದರೆ ದಂಟು ಜಜ್ಜಿಹೋಗುತ್ತದೆ. ಕಟ್ಟು ಬಿಚ್ಚಿ, ಎಲೆಯೂ ಮುಳುಗಲಿ. ಅರ್ಧ ಗಂಟೆಯೋ ಮುಕ್ಕಾಲೋ, ಗಡಿಯಾರ ನೋಡಬೇಡಿ, ಎಲೆ ನೋಡಿ. ನಮ್ಮ ಅತ್ತೆ ಒಂದು ದಂಟನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದರು. ಟಕ್ ಅನ್ನದಿದ್ದರೆ ಕಟ್ಟು ಮತ್ತೆ ನೀರಿಗೆ. ನಾನೂ ಇವತ್ತಿಗೂ ಹಾಗೇ ನೋಡುವುದು, ಮೊಮ್ಮಕ್ಕಳು ನಗಲಿ ಬಿಡಿ.

ಸಪ್ಪೆ ನೀರು ಒಳಗೆ ಜಾಸ್ತಿಯಾಗಿ ಕೋಶ ಒಡೆಯಲ್ವಾ ಅಂತ ಮೊಮ್ಮಗಳು ಕೇಳಿದಳು. ಒಳ್ಳೆ ಪ್ರಶ್ನೆ. ಗಿಡದ ಕೋಶಕ್ಕೆ ಪೊರೆಯ ಹೊರಗೆ ಗಟ್ಟಿ ಗೋಡೆ ಇದೆ, ಅದು ತಡೆಯುತ್ತದೆ. ನಮ್ಮ ರಕ್ತದ ಕೆಂಪು ಕಣಕ್ಕೆ ಅದಿಲ್ಲ. ಸಪ್ಪೆ ನೀರಿಗೆ ಬಿದ್ದರೆ ಉಬ್ಬಿ ಒಡೆದೇ ಹೋಗುತ್ತದೆ. ಡ್ರಿಪ್ಸಿಗೆ ಬರೀ ನೀರು ಹಾಕದೆ ಶೇ. 0.9ರ ಉಪ್ಪುನೀರು ಹಾಕುವುದು ಅದಕ್ಕೇ.

ಅಂದ ಹಾಗೆ, ಕುಂಡದ ಗಿಡಕ್ಕೆ ರಾಸಾಯನಿಕ ಗೊಬ್ಬರವನ್ನು ಹಿಡಿಗಟ್ಟಲೆ ಸುರಿಯುತ್ತೀರಲ್ಲ, ಅಲ್ಲೂ ಇದೇ ಕತೆ. ಮಣ್ಣಲ್ಲಿ ಲವಣ ಏರಿದರೆ ಬೇರಿಗೆ ನೀರು ಸಿಗುವುದಿಲ್ಲ, ಎಲೆಯ ಅಂಚು ಸುಡುತ್ತದೆ. ಆಮೇಲೆ ಬಿಸಿಲು ಜಾಸ್ತಿ ಅಂತ ದೂರು. ಚಿಟಿಕೆ ಸಾಕು.

ಹಸಿ ಸೌತೆಕಾಯಿ ಹೆಚ್ಚಿದ್ದಕ್ಕೆ ಉಪ್ಪು ತಿನ್ನುವ ಹೊತ್ತಿಗೆ ಹಾಕಿ, ಇಲ್ಲದಿದ್ದರೆ ತಟ್ಟೆ ತುಂಬ ನೀರು. ಫ್ರೀಜರಿನಲ್ಲಿಟ್ಟು ಕರಗಿದ ಸೊಪ್ಪನ್ನು ಮಾತ್ರ ನೀರಿಗೆ ಹಾಕಿ ಎಬ್ಬಿಸಲು ಹೋಗಬೇಡಿ. ಮಂಜಿನ ಹರಳಿಗೆ ಪೊರೆಯೇ ಹರಿದಿರುತ್ತದೆ. ಅದು ನೇರ ಒಲೆಗೆ.