ದೋಣಿಗೆ ತಕ್ಕ ಟ್ರೈಲರ್ ಆರಿಸೋದು ಹೇಗೆ

ಅಮೆರಿಕದ ಮಿಷಿಗನ್‌ನಲ್ಲಿ ನನ್ನ 16 ಅಡಿ ಅಲ್ಯೂಮಿನಿಯಂ ದೋಣಿ ವರ್ಷಕ್ಕೆ 40 ದಿನ ನೀರಿಗಿಳಿದರೆ ಅದೇ ಜಾಸ್ತಿ. ಚಳಿಗಾಲ ಪೂರ್ತಿ, ಕಾರಿನ ಹಿಂದೆ ಸಿಕ್ಕಿಸಿ ಎಳೆಯುವ ಟ್ರೈಲರ್ ಮೇಲೇ ಮಲಗಿರುತ್ತದೆ. ಊರಲ್ಲಿ, ಕುಂದಾಪುರದ ಕಡೆ, ದಡಕ್ಕೆ ಎಳೆದಿಟ್ಟ ದೋಣಿಗೆ ತಳದುದ್ದಕ್ಕೂ ಮರಳಿನ ಆಸರೆ ಇರುತ್ತಿತ್ತು. ಇಲ್ಲಿ ಆಸರೆ ಅಂದರೆ ಕಾರ್ಪೆಟ್ ಸುತ್ತಿದ ಎರಡು ಮರದ ಪಟ್ಟಿ. ಅದಕ್ಕೆ ಬಂಕ್ ಅಂತಾರೆ.

ನನ್ನ ಹಿಂದಿನ ದೋಣಿಯ ಜೊತೆ ಬಂದ ಹಳೇ ಟ್ರೈಲರ್‌ನಲ್ಲಿ ಈ ಬಂಕ್, ಎಂಜಿನ್ ಕೂರುವ ಹಿಂಬದಿ ಹಲಗೆಗಿಂತ ಒಂದು ಗೇಣು ಮುಂಚೆಯೇ ಮುಗಿದಿತ್ತು. ಎಂಜಿನ್ನಿನ ಭಾರಕ್ಕೆ ಕೆಳಗೆ ಏನೂ ಆಸರೆ ಇರಲಿಲ್ಲ. ಎರಡು ಚಳಿಗಾಲ ಕಳೆಯಿತು. ವೇಗ ಹಿಡಿದರೆ ಸಾಕು, ದೋಣಿ ಮೂತಿಯನ್ನು ನೀರಿಗೆ ಒತ್ತತೊಡಗಿತು. ಟ್ರೈಲರ್ ಅಡಿ ಮಲಗಿ ತಳಕ್ಕೆ ನೇರವಾದ ಪಟ್ಟಿ ಹಿಡಿದು ನೋಡಿದೆ. ಬಂಕ್ ಮುಗಿದಲ್ಲಿಂದ ಹಿಂದಕ್ಕೆ ತಳ ಕಾಲು ಇಂಚು ಕೆಳಗೆ ಬಾಗಿತ್ತು. ತುಂಬಾ ಬೇಜಾರಾಯಿತು. ಅದಕ್ಕೇ ಹೇಳೋದು, ಟ್ರೈಲರ್ ನೋಡಲು ಹೋದಾಗ ಮೊದಲು ಹಿಂದೆ ಹೋಗಿ ನಿಲ್ಲಿ. ಬಂಕ್ ಹಿಂಬದಿ ಹಲಗೆಯವರೆಗೂ ಬರಲೇಬೇಕು, ಒಂದೆರಡು ಇಂಚು ಆಚೆ ಬಂದರೂ ಪರವಾಗಿಲ್ಲ.

ಆಮೇಲೆ ತೂಕ. ದೋಣಿಯ ಒಳಗೆ ಅಂಟಿಸಿರುವ ಫಲಕ ನೋಡಿ ಲೆಕ್ಕ ಹಾಕಬೇಡಿ. ಅಲ್ಲಿರೋದು ದೋಣಿ ಎಷ್ಟು ಹೊರಬಲ್ಲದು ಅನ್ನೋದು, ದೋಣಿಯ ತೂಕ ಅಲ್ಲ. ನನ್ನ ಈಗಿನ ದೋಣಿಯ ಲೆಕ್ಕ ಹೀಗಿದೆ: ಬರೀ ದೋಣಿ 700 ಪೌಂಡ್, 40 ಎಚ್‌ಪಿ ಎಂಜಿನ್ 215, ಎರಡು ಬ್ಯಾಟರಿ 100. ಪೆಟ್ರೋಲ್ ಗ್ಯಾಲನ್‌ಗೆ ಸುಮಾರು 6 ಪೌಂಡ್ ತೂಗುತ್ತದೆ, 12 ಗ್ಯಾಲನ್‌ಗೆ 72. ಲಂಗರು, ಹಗ್ಗ, ಲೈಫ್ ಜಾಕೆಟ್, ಐಸ್ ಡಬ್ಬ ಎಲ್ಲ ಸೇರಿ 150. ಒಟ್ಟು 1,237. ಇದು ಟ್ರೈಲರ್ ಹೊರಬಲ್ಲ ಭಾರದ ಶೇ. 85 ದಾಟಬಾರದು ಅಂತ ಇಟ್ಟುಕೊಂಡರೆ, ಸುಮಾರು 1,455 ಪೌಂಡ್ ಹೊರುವ ಟ್ರೈಲರ್ ಬೇಕು. ನಾನು 1,600ರದ್ದು ತಗೊಂಡೆ. ಹಾಗಂತ 3,000ದ್ದು ತಂದರೂ ತಪ್ಪೇ. ಅದರ ಸ್ಪ್ರಿಂಗ್ ಬಿರುಸು, ಹಗುರ ದೋಣಿ ಹೊಂಡಹೊಂಡಕ್ಕೂ ಕುಟ್ಟಿಸಿಕೊಳ್ಳುತ್ತದೆ.

ಟ್ರೈಲರ್‌ಗೆ ಅಂಟಿಸಿರುವ ಲೇಬಲ್‌ನಲ್ಲಿ ಇರುವ ಒಟ್ಟು ತೂಕದಲ್ಲಿ ಟ್ರೈಲರ್‌ನ ಸ್ವಂತ ತೂಕವೂ ಸೇರಿರುತ್ತದೆ. ಅದನ್ನು ಕಳೆದರೆ ಉಳಿಯೋದೇ ದೋಣಿಯ ಪಾಲು. ಟೈರನ್ನೂ ಓದಿ. 4.80-12 ಅಳತೆಯದರಲ್ಲಿ ಬಿ ದರ್ಜೆಯದು 780 ಪೌಂಡ್ ಹೊರುತ್ತದೆ, ಸಿ ದರ್ಜೆಯದು 990. ನೋಡೋಕೆ ಎರಡೂ ಒಂದೇ ಥರ. ಟ್ರೈಲರ್ ಸಿಕ್ಕಿಸಲು ಕಾರಿನ ಹಿಂದಿರುವ ಲೋಹದ ಗುಂಡಿಗೆ ಬಾಲ್ ಅಂತಾರೆ. ಅದರ ಅಳತೆ ಮತ್ತು ಅದರ ಮೇಲೆ ಕೂರುವ ಟ್ರೈಲರ್ ಮೂತಿಯ ಮೇಲೆ ಅಚ್ಚಾದ ಅಳತೆ ಒಂದೇ ಇರಬೇಕು. ಉಪ್ಪುನೀರಿಗೆ ಇಳಿಸುವವರು ಗ್ಯಾಲ್ವನೈಸ್ ಮಾಡಿದ್ದನ್ನೇ, ಅಂದರೆ ತುಕ್ಕು ಹಿಡಿಯದ ಹಾಗೆ ಸತುವಿನ ಲೇಪ ಕೊಟ್ಟಿದ್ದನ್ನೇ ಕೊಳ್ಳಿ.

ಕೊನೆಗೆ ಟ್ರೈಲರ್ ಮೂತಿಯ ಭಾರ. ದೋಣಿ, ಟ್ರೈಲರ್ ಸೇರಿದ ತೂಕದ ಶೇ. 7ರಿಂದ 10ರಷ್ಟು ಬಾಲ್ ಮೇಲೆ ಬೀಳಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೈಲರ್ ಬಾಲ ಆಡಿಸುತ್ತದೆ, ನಿಜಕ್ಕೂ ಅಪಾಯ. ಅಳೆಯಲು ಮನೆಯ ತೂಕದ ಮೆಷಿನ್ ಸಾಕು. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ಮೆಷಿನ್ ಮೇಲೆ, ನಡುವೆ 3 ಅಡಿ ಅಂತರ. ಚಕ್ರಗಳಿಗೆ ಅಡ್ಡ ಕೊಟ್ಟು, ಟ್ರೈಲರ್ ಮಟ್ಟವಾಗಿ ನಿಲ್ಲುವ ಹಾಗೆ ಅದರ ಮೂತಿಯನ್ನು ಇಟ್ಟಿಗೆಯಿಂದ 1 ಅಡಿ ದೂರದಲ್ಲಿ ಹಲಗೆ ಮೇಲೆ ಕೂರಿಸಿ. ಮೆಷಿನ್ ತೋರಿಸಿದ್ದನ್ನು 3ರಿಂದ ಗುಣಿಸಿ. ನನ್ನದು 47 ತೋರಿಸಿತು, ಅಂದರೆ 141. ದೋಣಿಯ 1,237, ಟ್ರೈಲರ್‌ನ 400 ಸೇರಿ ಒಟ್ಟು 1,637ಕ್ಕೆ ಇದು ಸರಿಯಾಯಿತು.

ಟ್ರೈಲರ್ ಮೂತಿಯ ಭಾರ ಜಾಸ್ತಿ ಬಂದರೆ ಎಲ್ಲರೂ ವಿಂಚ್ ಕಂಬ, ಅಂದರೆ ದೋಣಿಯ ಮುಂತುದಿಯನ್ನು ಎಳೆದು ಕಟ್ಟುವ ಕಂಬ, ಸಡಿಲಿಸಿ ದೋಣಿಯನ್ನು ಹಿಂದಕ್ಕೆ ತಳ್ಳುತ್ತಾರೆ. ಆಗ ಎಂಜಿನ್ ಮತ್ತೆ ಬಂಕ್ ದಾಟಿ ನೇತಾಡುತ್ತದೆ ಅಲ್ವಾ? ದೋಣಿ ಇದ್ದಲ್ಲೇ ಇರಲಿ. ಆಕ್ಸಲ್ (ಎರಡೂ ಚಕ್ರ ಕೂರುವ ಅಡ್ಡಕಂಬಿ) ಹಿಡಿದಿರುವ ಯು ಆಕಾರದ ಬೋಲ್ಟ್‌ಗಳನ್ನು ಸಡಿಲಿಸಿ, ಅದನ್ನು ಒಂದಿಂಚು ಮುಂದಕ್ಕೆ ಸರಿಸಿ, ಎರಡೂ ಬದಿ ಸಮ ಇದೆಯಾ ಟೇಪ್ ಹಿಡಿದು ನೋಡಿ, ಮತ್ತೆ ತೂಗಿ.