ಮುಧೋಳ ನಾಯಿಗೆ ಸರಿಯಾದ ಬೆಲ್ಟ್ ಸಿಕ್ಕಿದ್ದು ಹೀಗೆ: ನನ್ನ ಅನುಭವ

ದೀಪಾವಳಿಯ ಹಿಂದಿನ ಸಂಜೆ. ಧಾರವಾಡದ ನಮ್ಮ ಓಣಿಯಲ್ಲಿ ನಮ್ಮ ಮುಧೋಳ ನಾಯಿ ಚಿಗರಿಯನ್ನು ವಾಕಿಂಗಿಗೆ ಕರೆದುಕೊಂಡು ಹೊರಟಿದ್ದೆ. ಮೂಲೆಯಲ್ಲಿ ಹುಡುಗರು ಪಟಾಕಿ ಹಚ್ಚಿದರು. ಅವಳು ಮುಂದಕ್ಕೆ ಓಡಲಿಲ್ಲ. ಹಿಂದೆ ಸರಿದಳು, ತಲೆ ತಗ್ಗಿಸಿದಳು, ಒಮ್ಮೆ ಕತ್ತು ಕೊಡವಿದಳು. ಅಷ್ಟೇ. ನನ್ನ ಕೈಯಲ್ಲಿ ಹಗ್ಗ ಇತ್ತು. ಹಗ್ಗದ ತುದಿಯಲ್ಲಿ ಬೆಲ್ಟ್ ಇತ್ತು, ಬಕಲ್ ಕೂಡ ಬಿಚ್ಚಿರಲಿಲ್ಲ. ಚಿಗರಿ ಇರಲಿಲ್ಲ.

ನಮ್ಮ ಕಡೆ ಚಿಗರಿ ಅಂದರೆ ಜಿಂಕೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರಿದೆ. ಎರಡು ತಿಂಗಳ ಮರಿಯಾಗಿದ್ದಾಗ ಲೋಕಾಪುರದ ಕಡೆಯ ಒಬ್ಬ ರೈತರ ಮನೆಯಿಂದ ತಂದಿದ್ದೆವು. ಆಗಲೇ ಕಾಲು ಉದ್ದ, ಹೊಟ್ಟೆ ಒಳಕ್ಕೆ. ಆ ಹೆಸರು ತಾನಾಗಿಯೇ ಬಂತು. ಅವತ್ತು ರಾತ್ರಿಯಿಡೀ ಆ ಹೆಸರು ಕೂಗುತ್ತಾ ತಿರುಗಿದೆವು. ಬೆಳಗ್ಗೆ ಹಾಲು ತರುವವರು ಕೆಲಗೇರಿ ಕೆರೆಯ ಹತ್ತಿರ ನೋಡಿದೆ ಅಂದರು. ಹೋದರೆ ಒಂದು ಕಟ್ಟಡದ ಜಲ್ಲಿ ರಾಶಿಯ ಹಿಂದೆ ಮುದುಡಿ ಕೂತಿದ್ದಳು. ಅಂಗಾಲು ಹರಿದಿತ್ತು. ನನ್ನನ್ನು ನೋಡಿ ಬಾಲ ಅಲ್ಲಾಡಿಸಿದಳು, ಆದರೆ ಏಳಲಿಲ್ಲ. ಎತ್ತಿಕೊಂಡೇ ಮನೆಗೆ ಬಂದೆ.

ಬೆಲ್ಟ್ ಸಡಿಲ ಇರಲಿಲ್ಲ. ಎಲ್ಲರೂ ಹೇಳುವ ಹಾಗೆ ಎರಡು ಬೆರಳು ತೂರಿಸಿ ನೋಡಿಯೇ ಹಾಕಿದ್ದೆ. ಮತ್ತೆ ಹೇಗೆ ಕಳಚಿತು? ಈ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಕೊನೆಗೆ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದು ಅವಳನ್ನು ನಿಲ್ಲಿಸಿ ಅಳೆದೆ. ಕಿವಿಯ ಹಿಂದೆ ಕೊರಳು 13 ಇಂಚು. ಕಿವಿ ಹಿಂದಕ್ಕೆ ಮಡಚಿ ತಲೆಯ ಅಗಲವಾದ ಜಾಗದಲ್ಲಿ ಸುತ್ತಿದರೆ ಹದಿಮೂರೂ ಮುಕ್ಕಾಲು. ಮತ್ತೊಮ್ಮೆ ಅಳೆದೆ. ಅಷ್ಟೇ ಬಂತು. ಎರಡು ಬೆರಳಿನ ಜಾಗ ಬಿಟ್ಟರೆ ಬೆಲ್ಟಿನ ಸುತ್ತಳತೆ 14 ದಾಟುತ್ತದೆ. ಅಂದರೆ ಆ ಬೆಲ್ಟ್ ಮೊದಲ ದಿನದಿಂದಲೂ ಅವಳ ತಲೆ ದಾಟಿ ಬರುವಂಥದ್ದೇ ಆಗಿತ್ತು. ಅವಳು ಅದುವರೆಗೆ ಹಿಂದಕ್ಕೆ ಎಳೆದಿರಲಿಲ್ಲ, ಅಷ್ಟೇ.

ಲ್ಯಾಬ್ರಡಾರ್‌ಗೋ ಜರ್ಮನ್ ಶೆಫರ್ಡ್‌ಗೋ ಈ ತೊಂದರೆ ಅಷ್ಟಾಗಿ ಬರುವುದಿಲ್ಲ. ಅವುಗಳ ತಲೆ ಅಗಲ, ಬೆಲ್ಟ್ ಅಲ್ಲೇ ತಡೆಯುತ್ತದೆ. ಮುಧೋಳ, ರಾಂಪುರ, ಗ್ರೇಹೌಂಡ್, ಸಲೂಕಿ ಇವೆಲ್ಲ ಕಣ್ಣಿಂದ ನೋಡಿ ಬೇಟೆಯಾಡುವ ನಾಯಿಗಳು. ತಲೆ ಕಿರಿದು, ಮೂತಿ ಉದ್ದ, ಕೊರಳು ಉದ್ದ ಮತ್ತು ಗಟ್ಟಿ. ಚರ್ಮ ತೆಳು. ಅಂಗಡಿಯಲ್ಲಿ ಸಿಗುವ ಮಾಮೂಲಿ ಬೆಲ್ಟುಗಳು ಇವುಗಳ ಕೊರಳು ನೋಡಿ ಮಾಡಿದವಲ್ಲ.

ಇದು ಗೊತ್ತಾಗಿದ್ದು ಆಮೇಲೆ. ಅದಕ್ಕೂ ಮೊದಲು ಎರಡು ತಪ್ಪು ಮಾಡಿದೆ. ಅದನ್ನೂ ಹೇಳಬೇಕು.

ಮೊದಲನೆಯದು ಚೈನು. ಒಂದು ಪೆಟ್ ಶಾಪಿನವರು, "ಇದು ಬೇಟೆ ನಾಯಿ, ಹಳ್ಳಿ ನಾಯಿ, ಸುಮ್ನೆ ಹೇಳಿದ್ರೆ ಕೇಳಲ್ಲ, ಚೋಕ್ ಚೈನ್ ಹಾಕಿ" ಅಂದರು. ಹಾಕಿದೆ. ಎರಡು ತುದಿಗೂ ಉಂಗುರ ಇರುವ ಸ್ಟೀಲ್ ಸರಪಳಿ ಅದು. ಎಳೆದರೆ ಬಿಗಿಯುತ್ತದೆ, ಬಿಟ್ಟರೆ ಸಡಿಲ ಆಗಬೇಕು. ಆದರೆ ಅದನ್ನು ತಿರುಗಾಮುರುಗಾ ಹಾಕಿದರೆ ಬಿಗಿದಿದ್ದು ಸಡಿಲವೇ ಆಗುವುದಿಲ್ಲ. ನಾಯಿ ನಮ್ಮ ಎಡಗಡೆ ನಡೆಯುವುದಾದರೆ, ಎದುರಿನಿಂದ ನೋಡಿದಾಗ ಇಂಗ್ಲಿಷಿನ ಪಿ ಅಕ್ಷರದ ಹಾಗೆ ಕಾಣುವಂತೆ ಹಿಡಿದು ತಲೆಗೆ ತೊಡಿಸಬೇಕು. ಇದನ್ನು ಅಂಗಡಿಯವರು ಹೇಳಲೇ ಇಲ್ಲ. ನಾನು ನಾಲ್ಕು ದಿನ ಉಲ್ಟಾ ಹಾಕಿದ್ದೆ.

ಸರಿಯಾಗಿ ಹಾಕಿದರೂ ಅದಕ್ಕೊಂದು ಮಿತಿ ಇಲ್ಲ. ಎಷ್ಟು ಎಳೆದರೆ ಅಷ್ಟು ಬಿಗಿಯುತ್ತಲೇ ಹೋಗುತ್ತದೆ. ಒಂದು ವಾರಕ್ಕೆ ಚಿಗರಿಗೆ ಒಣ ಕೆಮ್ಮು ಶುರುವಾಯಿತು. ನೀರು ಕುಡಿದ ತಕ್ಷಣ ಖೊಕ್ ಖೊಕ್ ಅನ್ನುತ್ತಿದ್ದಳು. ಪಶುವೈದ್ಯರು ಗಂಟಲು ಮುಟ್ಟಿ ನೋಡಿ, "ಮೊದಲು ಆ ಚೈನು ತೆಗೀರಿ" ಅಂದರು. ಶ್ವಾಸನಾಳ, ಥೈರಾಯ್ಡ್, ಮೆದುಳಿಗೆ ಹೋಗುವ ರಕ್ತನಾಳ ಎಲ್ಲವೂ ಅಲ್ಲೇ ಇರುತ್ತವೆ ಎಂದು ಬೆರಳಿಟ್ಟು ತೋರಿಸಿದರು. ಕೊರಳ ಪಟ್ಟಿ ಹಾಕಿಕೊಂಡು ನಾಯಿ ಎಳೆದಾಗ ಕಣ್ಣಿನೊಳಗಿನ ಒತ್ತಡವೂ ಏರುತ್ತದೆ, ಎದೆಗೆ ಹಾಕುವ ಹಾರ್ನೆಸ್‌ನಲ್ಲಿ ಹಾಗಾಗುವುದಿಲ್ಲ ಎಂದು 2006ರ ಒಂದು ಅಧ್ಯಯನ ತೋರಿಸಿದೆ. ಚೈನು ತೆಗೆದ ಹತ್ತು ದಿನಕ್ಕೆ ಕೆಮ್ಮು ನಿಂತಿತು.

ಎರಡನೇ ತಪ್ಪಿಗೆ ಇಂದಿಗೂ ನನಗೆ ಬೇಜಾರಿದೆ. ಚಿಗರಿ ಆಡು ಕಂಡರೆ ಹಾರುತ್ತಿದ್ದಳು. ಒಬ್ಬ ತರಬೇತುದಾರರು ಶಾಕ್ ಕಾಲರ್ ತಂದರು. ಕೊರಳಿಗೆ ಎರಡು ಲೋಹದ ಮೊಳೆ ತಾಗುವ ಪಟ್ಟಿ, ಕೈಯಲ್ಲಿ ರಿಮೋಟ್. "ಆಡಿನ ಕಡೆ ಹಾರಿದ ಕೂಡಲೇ ಒತ್ತಿ, ಎರಡು ಸಲಕ್ಕೆ ಬಿಟ್ಟುಬಿಡುತ್ತೆ" ಅಂದರು. ಅವಳು ಹಾರಿದಳು, ನಾನು ಒತ್ತಿದೆ. ಕಿರುಚಿದಳು. ಅದೇ ಕ್ಷಣಕ್ಕೆ ಅವಳ ಪಕ್ಕದಿಂದ ಒಬ್ಬ ಹುಡುಗ ಸೈಕಲ್ ಮೇಲೆ ಬೆಲ್ ಹೊಡೆಯುತ್ತಾ ಹೋದ. ಆಡಿಗೂ ನೋವಿಗೂ ನಂಟಿದೆ ಎಂದು ಅವಳಿಗೆ ಯಾರು ಹೇಳಬೇಕು? ಅವಳು ನಂಟು ಹಾಕಿದ್ದು ಸೈಕಲ್ ಬೆಲ್ಲಿಗೆ. ಆಡಿನ ಹುಚ್ಚು ಹಾಗೇ ಉಳಿಯಿತು. ಸೈಕಲ್ ಬೆಲ್ ಕೇಳಿದರೆ ನನ್ನ ಕಾಲ ಸಂದಿಯಲ್ಲಿ ನುಗ್ಗುವುದು ಹೊಸದಾಗಿ ಶುರುವಾಯಿತು. ಅದನ್ನು ಬಿಡಿಸಲು ಐದು ತಿಂಗಳು ಹಿಡಿಯಿತು. ದೂರದಲ್ಲಿ ಸೈಕಲ್ ನಿಲ್ಲಿಸಿ, ಬೆಲ್ ಒಮ್ಮೆ ಮೆಲ್ಲಗೆ ಹೊಡೆದು, ತಕ್ಷಣ ಬೇಯಿಸಿದ ಲಿವರ್ ತುಂಡು ಕೊಡುವುದು. ಮರುದಿನ ಒಂದು ಹೆಜ್ಜೆ ಹತ್ತಿರ.

ಆ ರಾತ್ರಿ ಅದೇ ಕಾಲರ್ ಅನ್ನು ನನ್ನ ಮುಂಗೈಗೆ ಕಟ್ಟಿ, ಅವಳಿಗೆ ಕೊಟ್ಟ ಅಂಕಿಯಲ್ಲೇ ಒತ್ತಿ ನೋಡಿದೆ. ಮರುದಿನ ವಾಪಸ್ ಕೊಟ್ಟೆ. ಆಮೇಲೆ ಓದುತ್ತಾ ಹೋದಾಗ ವೇಲ್ಸ್ ದೇಶ 2010ರಲ್ಲೇ ಇದನ್ನು ನಿಷೇಧಿಸಿದೆ ಎಂದು ತಿಳಿಯಿತು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಕರೆದರೆ ಬಾರದ, ಕುರಿ ಮೊದಲಾದವನ್ನು ಅಟ್ಟುವ 63 ನಾಯಿಗಳನ್ನು ಇಟ್ಟುಕೊಂಡು ನೋಡಿದ್ದರು. ಶಾಕ್ ಕಾಲರ್‌ನಿಂದ ಕಲಿತವು ತಿಂಡಿ ಕೊಟ್ಟು ಕಲಿಸಿದವಕ್ಕಿಂತ ಮೇಲೇನೂ ಆಗಲಿಲ್ಲ, ಒತ್ತಡದ ಲಕ್ಷಣ ಮಾತ್ರ ಜಾಸ್ತಿ ಕಂಡಿತು. ನನ್ನ ಓಣಿಯಲ್ಲಿ ಕಂಡಿದ್ದೂ ಅದೇ. ಒಳಗಡೆ ಲೋಹದ ಮೊನೆಗಳಿರುವ ಮುಳ್ಳಿನ ಕಾಲರ್ ಬಗ್ಗೆ ಕೇಳುವವರಿಗೂ ನನ್ನ ಉತ್ತರ ಒಂದೇ: ಬೇಡ. ಮುಧೋಳ ನಾಯಿಯ ಚರ್ಮಕ್ಕಂತೂ ಖಂಡಿತ ಬೇಡ.

"ಹಳ್ಳಿ ನಾಯಿ ಕಲಿಯಲ್ಲ" ಅನ್ನುವ ಮಾತು ನನಗೆ ತುಂಬಾ ನೋವು ಕೊಡುತ್ತದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದೇ ತಳಿಗಾಗಿ ಶ್ವಾನ ಸಂಶೋಧನಾ ಕೇಂದ್ರವಿದೆ. ಮುಧೋಳದ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋಗಿವೆ. ಅಲ್ಲಿ ಕಲಿಯುವ ನಾಯಿ ನಮ್ಮ ಮನೆಯಲ್ಲಿ ಕಲಿಯಲ್ಲ ಅಂದರೆ ತಪ್ಪು ಯಾರದು?

ಮಾರ್ಟಿಂಗೇಲ್ ಎಂಬ ಬೆಲ್ಟಿನ ವಿಷಯ ಹೇಳಿದ್ದು ಅದೇ ಪಶುವೈದ್ಯರು. ಇದರಲ್ಲಿ ಎರಡು ಸುತ್ತು ಇರುತ್ತದೆ. ದೊಡ್ಡ ಪಟ್ಟಿ ಕೊರಳಿಗೆ. ಅದರ ಎರಡು ತುದಿಯಲ್ಲಿ ಒಂದೊಂದು ಉಂಗುರ. ಆ ಉಂಗುರಗಳೊಳಗೆ ತೂರಿ ಬರುವ ಇನ್ನೊಂದು ಸಣ್ಣ ಸುತ್ತು. ಹಗ್ಗ ಸಿಕ್ಕಿಸುವುದು ಸಣ್ಣ ಸುತ್ತಿಗೆ. ನಾಯಿ ಹಿಂದಕ್ಕೆ ಎಳೆದರೆ ಎರಡು ಉಂಗುರ ಹತ್ತಿರ ಬರುತ್ತವೆ, ಪಟ್ಟಿ ಕೊರಳಿನಷ್ಟೇ ಆಗುತ್ತದೆ, ತಲೆ ಹೊರಗೆ ಬರುವುದಿಲ್ಲ. ಹಗ್ಗ ಸಡಿಲ ಬಿಟ್ಟರೆ ಮತ್ತೆ ಅಗಲ. ಉಂಗುರ ಉಂಗುರಕ್ಕೆ ಮುಟ್ಟಿದ ಮೇಲೆ ಇನ್ನು ಬಿಗಿಯಲಾರದು. ಚೋಕ್ ಚೈನಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಧಾರವಾಡದಲ್ಲಿ ನಮಗೆ ಬೇಕಾದ ಅಳತೆ ಸಿಗಲಿಲ್ಲ. ಮಾರ್ಕೆಟ್ ಹತ್ತಿರ ಶಾಲೆ ಬ್ಯಾಗಿನ ಪಟ್ಟಿ, ಜಿಪ್ ಹೊಲಿಯುವ ಒಬ್ಬರಿದ್ದಾರೆ. ಎತ್ತಿನ ಕೊರಳ ಪಟ್ಟಿ, ಗೆಜ್ಜೆ ಸರವನ್ನೂ ಹೊಲಿಯುತ್ತಾರೆ. ಚಿತ್ರ ಬರೆದುಕೊಂಡು ಅವರ ಹತ್ತಿರ ಹೋದೆ. ಕಾಗದ ತಿರುಗಿಸಿ ತಿರುಗಿಸಿ ನೋಡಿ, "ಹಿಂದಕ್ಕ ಜಗ್ಗಿದಾಗಷ್ಟೇ ಬಿಗೀಬೇಕು, ಹೌದಲ್ರೀ?" ಅಂದರು. ಅಷ್ಟು ಬೇಗ ಅರ್ಥ ಮಾಡಿಕೊಂಡವರು ಬೇರೆ ಯಾರೂ ಇಲ್ಲ.

ಮೊದಲ ಪಟ್ಟಿ ಕೆಟ್ಟಿತು, ಅದೂ ನನ್ನಿಂದಲೇ. ಕೊರಳು 13 ಎಂದು ದೊಡ್ಡ ಪಟ್ಟಿಯನ್ನೂ 13 ಮಾಡಿಸಿದ್ದೆ. ಉಂಗುರ ಸೇರಿ 14 ಆಯಿತು. ಜಗ್ಗಿದರೆ ಉಂಗುರ ಎರಡೂ ಮುಟ್ಟಿದವು, ಆದರೂ ಕೊರಳ ಹತ್ತಿರ ಸಡಿಲ. ಹೊಲಿಗೆ ಬಿಚ್ಚಿ ಕತ್ತರಿಸಿದರು. ಈಗಿನದು ಉಂಗುರ ಸೇರಿ ಹನ್ನೊಂದೂವರೆ ಇಂಚು. ಸಣ್ಣ ಸುತ್ತು ಚಪ್ಪಟೆ ಮಾಡಿದಾಗ 4 ಇಂಚು. ಪೂರ್ತಿ ಅಗಲಿಸಿದರೆ ಹದಿನೈದೂವರೆ ಆಗುತ್ತದೆ, ತಲೆ ಆರಾಮಾಗಿ ತೂರುತ್ತದೆ. ಪೂರ್ತಿ ಜಗ್ಗಿದಾಗ ಕೊರಳಿಗೆ ಹತ್ತಿಕೊಂಡು, ಎರಡು ಉಂಗುರದ ನಡುವೆ ಇನ್ನೂ ಎರಡು ಬೆರಳಿನ ಜಾಗ ಉಳಿಯುತ್ತದೆ. ಈ ಜಾಗವೇ ಮುಖ್ಯ. ಅದು ಉಳಿಯದೆ ಉಂಗುರ ಮುಟ್ಟಿಬಿಟ್ಟರೆ ಬೆಲ್ಟ್ ದೊಡ್ಡದಾಗಿದೆ ಎಂದು ಅರ್ಥ. ಅಗಲ 2 ಇಂಚು ಇಟ್ಟೆವು, ಭಾರ ಒಂದೇ ಗೆರೆಯ ಮೇಲೆ ಬೀಳದಿರಲಿ ಎಂದು. ಒಳಗಡೆ ಅಪ್ಪನ ಹಳೆಯ ಧೋತರದ ಬಟ್ಟೆ ಎರಡು ಪದರ. ಉಂಗುರದ ಹತ್ತಿರ ಚೌಕ ಹೊಲಿದು, ಅದರೊಳಗೆ ಅಡ್ಡ-ಅಡ್ಡ ಎರಡು ಗೆರೆ ಹೊಲಿಗೆ. ಬ್ಯಾಗಿನ ಪಟ್ಟಿ ಕಿತ್ತುಬರದ ಹಾಗೆ ಹಾಕುವ ಹೊಲಿಗೆಯೇ ಅದು.

ಕೊರಳಿನ ಮೇಲ್ಭಾಗದಲ್ಲಿ, ಕಿವಿಯ ಹಿಂದೆಯೇ ಕೂಡುವ ಹಾಗೆ ಹಾಕಬೇಕು. ಕೆಳಗೆ ಭುಜದ ಹತ್ತಿರ ಜಾರಿದರೆ ಕೆಲಸ ಕೆಡುತ್ತದೆ.

ಹೊಸ ಬೆಲ್ಟ್ ಹಾಕಿದ ತಕ್ಷಣ ಚಿಗರಿ ಎಳೆಯುವುದು ಬಿಡಲಿಲ್ಲ. ಯಾಕೆ ಬಿಡಬೇಕು? ಎಳೆದರೆ ಬೇಕಾದ ಕಡೆ ಹೋಗಬಹುದು ಎಂದು ಆರು ತಿಂಗಳು ನಾವೇ ಕಲಿಸಿದ್ದೆವಲ್ಲ. ಬೆಲ್ಟಿನ ಕೆಲಸ ಅವಳನ್ನು ಕಳೆದುಹೋಗದ ಹಾಗೆ ಹಿಡಿಯುವುದು. ಕಲಿಸುವುದು ನನ್ನ ಕೆಲಸ. ಹಗ್ಗ ಬಿಗಿಯಾದರೆ ನಾನು ನಿಂತುಬಿಡುತ್ತಿದ್ದೆ. ಜಗ್ಗುವುದಿಲ್ಲ, ಬೈಯುವುದಿಲ್ಲ, ಸುಮ್ಮನೆ ನಿಲ್ಲುವುದು. ಅವಳು ತಿರುಗಿ ನೋಡಿ ಹಗ್ಗ ಒಂದಿಷ್ಟು ಸಡಿಲವಾದರೆ "ಹ್ಞಾಂ" ಎಂದು ಹೇಳಿ ನನ್ನ ಎಡ ಮೊಣಕಾಲಿನ ಹತ್ತಿರ ಲಿವರ್ ಚೂರು. ಆಮೇಲೆ ಮುಂದಿನ ಹೆಜ್ಜೆ. ಮೊದಲ ದಿನ ಇಪ್ಪತ್ತು ನಿಮಿಷದಲ್ಲಿ ನಾಲ್ಕು ಮನೆ ದಾಟಿದೆವು. ಓಣಿಯವರು ನೋಡಿ ನಕ್ಕರು. ಎರಡನೇ ವಾರಕ್ಕೆ ಸಾಧನಕೇರಿಯವರೆಗೆ ಹೋಗಿಬಂದೆವು. ಮೂರನೇ ವಾರ ಅವಳ ಕಿವಿ ಆಗಾಗ ನನ್ನ ಕಡೆ ತಿರುಗುತ್ತಿತ್ತು. ಆ ಕಿವಿ ತಿರುಗಿದ್ದು ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಕರೆದರೆ ಬರುವುದನ್ನು ಕಲಿಸಲು 30 ಅಡಿ ಹಗ್ಗ ಬಳಸಿದೆ. ಆ ಉದ್ದದ ಹಗ್ಗವನ್ನು ಕೊರಳಿಗೆ ಯಾವತ್ತೂ ಕಟ್ಟಬೇಡಿ. ಮುಧೋಳ ನಾಯಿ ಕೆಲವೇ ನೆಗೆತಕ್ಕೆ ಪೂರ್ತಿ ವೇಗಕ್ಕೆ ಬರುತ್ತದೆ. ಹಗ್ಗ ಮುಗಿದಾಗ ಆ ಏಟು ಪೂರ್ತಿ ಕುತ್ತಿಗೆಯ ಮೇಲೆ ಬೀಳುತ್ತದೆ. ಹಾರ್ನೆಸ್ ಬೇಕು. ಅದರಲ್ಲೂ ಪಕ್ಕೆಲುಬಿನ ಹಿಂದೆ, ಸೊಂಟದ ಕಡೆ ಮೂರನೇ ಪಟ್ಟಿ ಇರುವಂಥದ್ದು. ಎರಡೇ ಪಟ್ಟಿಯ ಹಾರ್ನೆಸ್‌ನಿಂದಲೂ ಇವು ಹಿಂದಕ್ಕೆ ಸರಿದು ಕಳಚಿಕೊಳ್ಳುತ್ತವೆ. ಅದನ್ನೂ ಬ್ಯಾಗಿನವರೇ ಹೊಲಿದುಕೊಟ್ಟರು. ಆಡು ಕಂಡಾಗ ಈಗ ಹತ್ತರಲ್ಲಿ ಏಳು ಸಲ ವಾಪಸ್ ಬರುತ್ತಾಳೆ. ಬೆಕ್ಕು ಕಂಡರೆ ಬರುವುದಿಲ್ಲ. ಹಾಗಾಗಿ ಸುತ್ತ ಗೋಡೆ ಇಲ್ಲದ ಜಾಗದಲ್ಲಿ ಹಗ್ಗ ಬಿಚ್ಚುವುದೇ ಇಲ್ಲ.

ಮುಂದಿನ ದೀಪಾವಳಿಗೆ ಪಟಾಕಿ ಶುರುವಾಗುವ ಮೊದಲೇ, ಮಧ್ಯಾಹ್ನ ಮೂರಕ್ಕೆ ವಾಕಿಂಗ್ ಮುಗಿಸುತ್ತಿದ್ದೆವು. ಆದರೂ ಒಂದು ದಿನ ಎಲ್ಲಿಂದಲೋ ಒಂದು ಸಿಡಿಯಿತು. ಅದೇ ಹಿಂದೆ ಸರಿಯುವುದು, ಅದೇ ತಲೆ ತಗ್ಗಿಸುವುದು. ಬೆಲ್ಟ್ ಹಿಡಿದುಕೊಂಡಿತು. ನಾನು ರಸ್ತೆ ಬದಿಯಲ್ಲಿ ಕೂತುಬಿಟ್ಟೆ. ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಬಂದು ನನ್ನ ಮಡಿಲಲ್ಲಿ ಮೂತಿ ಇಟ್ಟಳು.

ಮನೆಗೆ ಬಂದ ಕೂಡಲೇ ಮಾರ್ಟಿಂಗೇಲ್ ತೆಗೆದಿಡುತ್ತೇವೆ. ಆ ಸಣ್ಣ ಸುತ್ತು ಗೇಟಿನ ಸರಳಿಗೋ ಇನ್ನೊಂದು ನಾಯಿಯ ಹಲ್ಲಿಗೋ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಮನೆಯೊಳಗೆ ಫೋನ್ ನಂಬರ್ ಹೊಲಿದ ಹಗುರವಾದ ಪಟ್ಟಿ ಮಾತ್ರ. ಇಡೀ ದಿನ ಗಿಡ್ಡ ಚೈನಿನಲ್ಲಿ ಕಟ್ಟಿಹಾಕುವವರಿಗೆ ಒಂದು ಮಾತು: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಅದೂ ಅಪರಾಧವೇ. ಮಳೆಗಾಲದಲ್ಲಿ ಪಟ್ಟಿ ಒದ್ದೆ ಇದ್ದರೆ ಅದರಡಿ ಚರ್ಮ ಕೆಂಪಾಗುತ್ತದೆ, ಉಣ್ಣೆ ಹುಳು ಅಲ್ಲೇ ಅಡಗುತ್ತದೆ. ಅದಕ್ಕೆ ಎರಡು ಬೆಲ್ಟ್ ಇಟ್ಟುಕೊಂಡಿದ್ದೇವೆ. ಒಂದು ಒಣಗುವಾಗ ಇನ್ನೊಂದು.

ಈಗ ಮುಧೋಳ ನಾಯಿ ಸಾಕಿದವರು ಯಾರಾದರೂ ಕೇಳಿದರೆ ಬ್ಯಾಗಿನವರ ಹತ್ತಿರ ಕಳಿಸುತ್ತೇನೆ. ಎರಡು ಅಳತೆ ಬರೆದುಕೊಂಡು ಹೋಗಿ ಅನ್ನುತ್ತೇನೆ: ಕಿವಿಯ ಹಿಂದಿನ ಕೊರಳು, ಕಿವಿ ಮಡಚಿದ ತಲೆ. ಮರಿ ಇದ್ದರೆ ಎರಡು ವಾರಕ್ಕೊಮ್ಮೆ ಮತ್ತೆ ಟೇಪು ಹಿಡಿಯಬೇಕು, ಅಷ್ಟು ಬೇಗ ಬೆಳೆಯುತ್ತವೆ. ಚಿಗರಿಯ ಅಳತೆ ಒಂದೂವರೆ ವರ್ಷಕ್ಕೆ ನಿಂತಿತು. ಅವರ ಗೋಡೆಯ ಮೇಲೆ ಎತ್ತುಗಳ ಅಳತೆಯ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಅವಳದೂ ಬರೆದಿದೆ.