ಅಲೆಗೆ ಆರು ದಿನ, ನನಗೆ ಒಂದು ರಾತ್ರಿ

ಬೆಂಗಳೂರಿನಿಂದ ಕಡಲು ಎರಡು ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ದೂರ. ಪಶ್ಚಿಮಕ್ಕೆ ಹಾಸನ, ಸಕಲೇಶಪುರ ಹಾದು ಶಿರಾಡಿ ಘಾಟಿ ಇಳಿದು ಮಂಗಳೂರು ದಾಟಿದರೆ ಮೂಲ್ಕಿ. ಪೂರ್ವಕ್ಕೆ ಕೃಷ್ಣಗಿರಿ, ವೆಲ್ಲೂರಿನ ದಾರಿ ಹಿಡಿದರೆ ಚೆನ್ನೈನ ದಕ್ಷಿಣಕ್ಕಿರುವ ಕೋವಳಂ (ಕೇರಳದ ಕೋವಳಂ ಬೇರೆ). ಎರಡೂ 350 ಕಿ.ಮೀ.ಗಿಂತ ತುಸು ಹೆಚ್ಚು. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಮನೆ ಮಾಡಿಕೊಂಡು ಸರ್ಫಿಂಗ್ ಹುಚ್ಚು ಹಿಡಿಸಿಕೊಂಡವನಿಗೆ ಇದು ವರವೋ ಪೀಡೆಯೋ ಎಂದು ಕೇಳಿದರೆ, ವರ ಎಂದೇ ಹೇಳುತ್ತೇನೆ. ಒಂದು ಕಡಲು ಕೆಟ್ಟಿದ್ದಾಗ ಇನ್ನೊಂದು ಕಡಲು ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಲೆಕ್ಕ ಸರಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರು ಅರಬ್ಬೀ ಸಮುದ್ರವನ್ನು ಕಲಕಿಬಿಡುತ್ತದೆ. ಆಗ ಕರಾವಳಿಯಲ್ಲಿ ನೀರಿಗಿಳಿಯುವುದು ಅಪಾಯ. ಘಾಟಿಯಲ್ಲೂ ಗುಡ್ಡ ಕುಸಿದು ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು. ಆ ತಿಂಗಳುಗಳಲ್ಲಿ ನಾನು ಪೂರ್ವಕ್ಕೆ ಮುಖ ಮಾಡುತ್ತೇನೆ. ಅಕ್ಟೋಬರ್ ಬಂದು ಹಿಂಗಾರು ತಮಿಳುನಾಡಿನ ಕರಾವಳಿಯನ್ನು ಕದಡಲು ಶುರುಮಾಡುವಾಗ ಇತ್ತ ಮೂಲ್ಕಿಯ ನೀರು ತಿಳಿಯಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಅಲೆ ಸಣ್ಣದು, ಕಲಿಯುವವರಿಗೆ ಹೇಳಿ ಮಾಡಿಸಿದ್ದು. ಏಪ್ರಿಲ್ ದಾಟಿದ ಮೇಲೆ ಅದೇ ತೀರ ಸ್ವಭಾವ ಬದಲಿಸಿ ಅಲೆ ಎತ್ತರವಾಗುತ್ತದೆ. 2016ರಲ್ಲಿ ಮೂಲ್ಕಿಯ ಪಕ್ಕದ ಸಸಿಹಿತ್ಲುವಿನಲ್ಲಿ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಸಿದವರು ಮೇ ಕೊನೆಯನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಏಪ್ರಿಲ್ ನಂತರ ಬರುವ ಈ ದಪ್ಪ ಅಲೆಗಳ ಊರು ನಮ್ಮ ಕಡಲಲ್ಲ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ, 40ರಿಂದ 50 ಡಿಗ್ರಿ ದಕ್ಷಿಣ ಅಕ್ಷಾಂಶದ ನಡುವೆ, ಅಲ್ಲಿನ ಚಳಿಗಾಲದಲ್ಲಿ ಒಂದರ ಹಿಂದೊಂದು ಬಿರುಗಾಳಿ ಏಳುತ್ತವೆ. ಅಲ್ಲಿ ಎದ್ದ ತೆರೆ ಭೂಮಧ್ಯರೇಖೆ ದಾಟಿ, ಆರು ಸಾವಿರ ಕಿ.ಮೀ.ಗೂ ಹೆಚ್ಚು ದೂರ ಸಾಗಿ ನಮ್ಮ ತೀರಕ್ಕೆ ಬಂದು ಒಡೆಯುತ್ತದೆ. ಒಂದು ತೆರೆಗೂ ಇನ್ನೊಂದಕ್ಕೂ 16 ಸೆಕೆಂಡು ಅಂತರವಿದ್ದರೆ ಆ ಅಲೆಗಳ ಗುಂಪು ಆಳ ನೀರಿನಲ್ಲಿ ಗಂಟೆಗೆ ಸುಮಾರು 45 ಕಿ.ಮೀ. ವೇಗದಲ್ಲಿ ಬರುತ್ತದೆ. ಆನಂದ ರಾವ್ ವೃತ್ತದಿಂದ ರಾತ್ರಿ ಹೊರಡುವ ಸ್ಲೀಪರ್ ಬಸ್ಸಿನ ಸರಾಸರಿ ವೇಗವೂ ಹೆಚ್ಚುಕಡಿಮೆ ಅಷ್ಟೇ! ಅಲೆ ಆರು ದಿನ ಮೊದಲೇ ಹೊರಟಿರುತ್ತದೆ, ನಾನು ಕೊನೆಯ ರಾತ್ರಿ ಹೊರಡುತ್ತೇನೆ, ಇಬ್ಬರೂ ಒಂದೇ ಬೆಳಗ್ಗೆ ತಲುಪಬೇಕು.

ಇದು ತಲೆಗೆ ಹೊಕ್ಕ ಮೇಲೆ ನನ್ನ ಪ್ರಯಾಣದ ಪದ್ಧತಿಯೇ ಬೇರೆಯಾಯಿತು. ವಾರದ ಆರಂಭದಲ್ಲೇ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಸಾಗರ ಮುನ್ಸೂಚನೆ ತೆರೆದು ನೋಡುತ್ತೇನೆ. ಹೊಸಬರು ಅಲೆಯ ಎತ್ತರವನ್ನಷ್ಟೇ ನೋಡುತ್ತಾರೆ. ನಾನು ಮೊದಲು ನೋಡುವುದು ಅಲೆಗಳ ನಡುವಿನ ಸೆಕೆಂಡುಗಳನ್ನು. ಒಂದೂವರೆ ಮೀಟರ್ ಎತ್ತರ, ಆರು ಸೆಕೆಂಡು ಅಂತರ ಎಂದಿದ್ದರೆ ಅದು ಹತ್ತಿರದ ಗಾಳಿ ಎಬ್ಬಿಸಿದ ಗಲಾಟೆ, ಅದಕ್ಕಾಗಿ ನಿದ್ದೆಗೆಡುವುದು ದಂಡ. ಒಂದೇ ಮೀಟರ್ ಇದ್ದು 14 ಸೆಕೆಂಡು ತೋರಿಸಿದರೆ ಟಿಕೆಟ್ ಕಾದಿರಿಸುತ್ತೇನೆ. ದೂರದಿಂದ ಬರುವ ಗುಂಪಿನಲ್ಲಿ ಹೆಚ್ಚು ಅಂತರದ ಅಲೆಗಳು ವೇಗವಾಗಿ ಓಡಿ ಮೊದಲು ತಲುಪುತ್ತವೆ, ಕಡಿಮೆ ಅಂತರದವು ಹಿಂದಿನಿಂದ ಬರುತ್ತವೆ. ಆದ್ದರಿಂದ ಗುರುವಾರ 18 ಸೆಕೆಂಡು ಕಾಣಿಸಿಕೊಂಡರೆ ಶನಿವಾರಕ್ಕೆ ಅದು ಇಳಿದು ಹದಕ್ಕೆ ಬರುವ ಸಂಭವ ಹೆಚ್ಚು. ತೀರಾ ಉದ್ದನೆಯ ಅಂತರವಿದ್ದಾಗ ಮರಳು ತೀರದಲ್ಲಿ ಅಲೆ ಈ ಕೊನೆಯಿಂದ ಆ ಕೊನೆಯವರೆಗೆ ಒಮ್ಮೆಗೇ ಗೋಡೆ ಬಿದ್ದಂತೆ ಮಗುಚಿಕೊಳ್ಳುತ್ತದೆ. ಸವಾರಿಗೆ ಅದು ಒದಗುವುದಿಲ್ಲ.

ಆಮೇಲೆ ಗಾಳಿ. ಬೆಳಗಿನ ಹೊತ್ತು ನೆಲದ ಕಡೆಯಿಂದ ಕಡಲಿಗೆ ಮೆಲ್ಲನೆ ಬೀಸುವ ಗಾಳಿ ಅಲೆಯ ಮುಖವನ್ನು ನಯಗೊಳಿಸಿ ನಿಲ್ಲಿಸುತ್ತದೆ. ಹತ್ತು ಗಂಟೆ ಆಗುತ್ತಲೇ ನೆಲ ಕಾಯುತ್ತದೆ, ಗಾಳಿ ತಿರುಗಿ ಕಡಲಿನಿಂದ ಬೀಸತೊಡಗುತ್ತದೆ, ನೀರೆಲ್ಲ ಕದಡಿ ಹೋಗುತ್ತದೆ. ಬೆಂಗಳೂರಿನಿಂದ ಶನಿವಾರ ಬೆಳಗ್ಗೆ ಕಾರು ಹತ್ತಿ ಮಧ್ಯಾಹ್ನ ತಲುಪುವವರನ್ನು ಕಂಡರೆ ನನಗೆ ಮರುಕ. 350 ಕಿ.ಮೀ. ಬಂದವರಿಗೆ ಕಡಲು ಅಂದಿನ ಅಂಗಡಿ ಮುಚ್ಚಿಯಾಗಿರುತ್ತದೆ. ರಾತ್ರಿ ಪ್ರಯಾಣ ಮಾಡಿ ಬೆಳಗಿನ ಆರಕ್ಕೆ ಇಳಿಯುವುದೊಂದೇ ಸರಿ. ಬಸ್ಸಿನಲ್ಲಿ ನಿದ್ದೆ ಬಾರದವರು ಈ ಹವ್ಯಾಸಕ್ಕೆ ಕೈಹಾಕದಿರುವುದೇ ಕ್ಷೇಮ.

ಬೋರ್ಡ್ ಒಯ್ಯಬೇಕೇ, ಅಲ್ಲಿಯೇ ಬಾಡಿಗೆಗೆ ಪಡೆಯಬೇಕೇ? ಕಲಿಯುವವರು ಬಳಸುವ ಒಂಬತ್ತು ಅಡಿಯ ಮೆತ್ತನೆಯ ಬೋರ್ಡ್ ಆದರೆ ಬಾಡಿಗೆಯೇ ಲೇಸು. ಅದು ಬಸ್ಸಿನ ಹೊಟ್ಟೆಗೆ ಸೇರುವುದಿಲ್ಲ. ನನ್ನದು ಆರೂವರೆ ಅಡಿಯದು. ಅಡಿಯಲ್ಲಿರುವ ಮೀನಿನ ರೆಕ್ಕೆಯಂಥ ಫಿನ್‌ಗಳನ್ನು ಬಿಚ್ಚಿ, ಮೂತಿಗೂ ಬಾಲಕ್ಕೂ ಹಳೆಯ ಟವೆಲ್ ಸುತ್ತಿ, ಕಾಲಿಗೆ ಕಟ್ಟುವ ಲೀಶನ್ನು ಸುರುಳಿ ಮಾಡಿ ಚೀಲಕ್ಕೆ ತುರುಕಿದರೆ ಸಾಮಾನಿನ ಗೂಡಿನಲ್ಲಿ ಓರೆಯಾಗಿ ಹಿಡಿಯುತ್ತದೆ. ಆದರೆ ಪ್ರತಿ ಸಲವೂ ಬಸ್ಸಿನ ಹುಡುಗನಿಗೆ ವಿವರಣೆ ಕೊಡಬೇಕು.

“ಒಳಗೆ ಏನಿದೆ ಸಾರ್?”

“ಸರ್ಫಿಂಗ್ ಬೋರ್ಡ್.”

“ಅಂದರೆ ಹಲಗೆ ತಾನೇ? ಹಲಗೆಗೆ ಬೇರೆ ಚಾರ್ಜು ಆಗುತ್ತದೆ.”

ಕೊಟ್ಟುಬಿಡುತ್ತೇನೆ. ಅದರ ಮೇಲೆ ಸೂಟ್‌ಕೇಸ್ ಹೇರಬಾರದೆಂಬ ಮಾತು ಆ ದುಡ್ಡಿನೊಳಗೇ ಸೇರಿರುತ್ತದೆ. ಕಾಲು ಜಾರದಿರಲೆಂದು ಬೋರ್ಡಿಗೆ ಬಳಿದ ಹಳೆಯ ವ್ಯಾಕ್ಸನ್ನು ಹೊರಡುವ ಮೊದಲೇ ಕೆರೆದು ತೆಗೆಯಬೇಕು, ಇಲ್ಲವಾದರೆ ಸೆಖೆಗೆ ಕರಗಿ ಚೀಲಕ್ಕೆಲ್ಲ ಮೆತ್ತಿಕೊಳ್ಳುತ್ತದೆ. ತೀರ ತಲುಪಿದ ಮೇಲೆ ಹೊಸದಾಗಿ ಉಜ್ಜಿಕೊಂಡರೆ ಆಯಿತು.

ಸಸಿಹಿತ್ಲು ನನಗೆ ಇಷ್ಟವಾಗಲು ಕಾರಣ ಅಳಿವೆ. ಶಾಂಭವಿ ಮತ್ತು ನಂದಿನಿ ನದಿಗಳು ಅಲ್ಲಿ ಜೊತೆಯಾಗಿ ಕಡಲು ಸೇರುತ್ತವೆ. ನದಿ ತಂದು ಹಾಕಿದ ಮರಳು ನೀರಿನಡಿ ದಿಬ್ಬವಾಗಿ ನಿಂತು ಅಲೆಯನ್ನು ಒಂದು ಬದಿಯಿಂದ ಕ್ರಮವಾಗಿ ಒಡೆಯುವಂತೆ ಮಾಡುತ್ತದೆ. ಪ್ರತಿ ಮಳೆಗಾಲ ಆ ದಿಬ್ಬವನ್ನು ಅಳಿಸಿ ಬೇರೆ ಕಡೆ ಬರೆಯುವುದರಿಂದ, ಹಿಂದಿನ ವರ್ಷದ ಜಾಗವನ್ನು ನೆನಪಿಟ್ಟುಕೊಂಡು ಹೋದರೆ ಉಪಯೋಗವಿಲ್ಲ. ನೀರಿಗಿಳಿಯುವ ಮೊದಲು ದಡದಲ್ಲಿ ಕಾಲು ಗಂಟೆ ಸುಮ್ಮನೆ ನಿಂತು ನೋಡುತ್ತೇನೆ. ಎಲ್ಲಿ ನೊರೆ ಎದ್ದು ಅಲೆ ಒಡೆಯುತ್ತಿದೆಯೋ ಅಲ್ಲಿ ದಿಬ್ಬವಿದೆ. ಎಲ್ಲಿ ಅಲೆ ಒಡೆಯದೆ ನೀರು ಕಪ್ಪಗೆ, ಶಾಂತವಾಗಿ ಕಾಣುತ್ತದೆಯೋ ಅಲ್ಲಿ ದಡದಿಂದ ಕಡಲೊಳಕ್ಕೆ ಎಳೆದೊಯ್ಯುವ ಹೊರಸೆಳೆತವಿದೆ. ಈಜು ಬಾರದ ಪ್ರವಾಸಿಗರು ಸುರಕ್ಷಿತವೆಂದು ಇಳಿಯುವುದು ಸರಿಯಾಗಿ ಅಲ್ಲಿಗೇ. ಇಳಿತದ ಹೊತ್ತಿಗೆ ಅಳಿವೆಯ ನೀರು ಹೊರಗೆ ನುಗ್ಗುವಾಗಲಂತೂ ಪಳಗಿದವರೂ ಬಾಯಿಯ ಹತ್ತಿರ ಹೋಗಬಾರದು. ಸ್ಥಳೀಯ ಹುಡುಗರನ್ನು ಒಂದು ಮಾತು ಕೇಳಿದರೆ ಹೇಳುತ್ತಾರೆ. 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದ ಮೇಲೆ ಇಲ್ಲಿ ಬೋರ್ಡ್ ಹಿಡಿದೇ ಬೆಳೆದ ಒಂದು ಪೀಳಿಗೆಯಿದೆ. ಕೋವಳಂನಲ್ಲೂ ಹಾಗೆಯೇ, ಮೀನುಗಾರ ಮೂರ್ತಿ ಮೇಘವನ್ ಅವರು ಕಟ್ಟಿದ ಶಾಲೆಯಿಂದ ಬಂದವರು ಕಡಲನ್ನು ಅಂಗೈಯಂತೆ ಬಲ್ಲರು.

ಇಷ್ಟೆಲ್ಲ ಮಾಡಿ ದೊರೆಯುವುದೇನು ಎಂದು ಅಮ್ಮ ಕೇಳುತ್ತಾರೆ. “ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿಕೊಂಡು ಹೋಗಿ ನೀರಿಗೆ ಬೀಳುವುದೇನಪ್ಪಾ? ಇಲ್ಲೇ ಈಜುಕೊಳ ಇದೆಯಲ್ಲ.” ಲೆಕ್ಕ ಹಾಕಿದರೆ ಅವರ ಮಾತಿನಲ್ಲಿ ಹುರುಳಿದೆ. ಒಳ್ಳೆಯ ಅಲೆಯ ಮೇಲೆ ನಿಲ್ಲುವುದು ಏಳೆಂಟು ಸೆಕೆಂಡು. ವಾರಾಂತ್ಯದ ಎಲ್ಲ ಸವಾರಿಗಳನ್ನು ಸೇರಿಸಿದರೂ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಾಗಲಿಕ್ಕಿಲ್ಲ. ಆದರೆ ಈ ಆಟದಲ್ಲಿ ದೂರ ಯಾರನ್ನೂ ಬಿಟ್ಟಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆ ನಡೆದದ್ದು ಪ್ಯಾರಿಸ್‌ನಿಂದ 15,000 ಕಿ.ಮೀ.ಗೂ ದೂರದ ತಹಿತಿ ದ್ವೀಪದಲ್ಲಿ. ಅದನ್ನು ಅಮ್ಮನಿಗೆ ಹೇಳಿದೆ. ಅವರ ಖರ್ಚನ್ನು ಸರ್ಕಾರ ಕೊಡುತ್ತದೆ ಎಂದರು.

ಈಚೆಗೆ ಪ್ರತಿ ವಾರಾಂತ್ಯ ಓಡುವುದನ್ನು ಬಿಟ್ಟಿದ್ದೇನೆ. ಮುನ್ಸೂಚನೆ ಚೆನ್ನಾಗಿಲ್ಲದಿದ್ದರೆ ಹೋಗುವುದಿಲ್ಲ. ಚೆನ್ನಾಗಿದ್ದರೆ ಎರಡು ದಿನ ರಜೆ ಸೇರಿಸಿ ನಾಲ್ಕು ದಿನ ಇದ್ದುಬಿಡುತ್ತೇನೆ. ದೂರ ಅಷ್ಟೇ, ನೀರಿನಲ್ಲಿ ಕಳೆಯುವ ಹೊತ್ತು ಎರಡು ಪಾಲು. ನಡುವಿನ ವಾರಗಳಲ್ಲಿ ಬಸವನಗುಡಿಯ ಈಜುಕೊಳದಲ್ಲಿ ಭುಜಕ್ಕೆ ಕೆಲಸ ಕೊಡುತ್ತೇನೆ. ಸರ್ಫಿಂಗ್‌ನಲ್ಲಿ ನಿಲ್ಲುವುದಕ್ಕಿಂತ ಕೈಯಿಂದ ನೀರು ಎಳೆಯುವುದೇ ಬಹುಪಾಲು. ಅದನ್ನು ಊರಿನಲ್ಲೇ ರೂಢಿಸಿಕೊಳ್ಳದಿದ್ದರೆ ತೀರ ತಲುಪಿದ ಮೊದಲ ಬೆಳಗ್ಗೆಯೇ ತೋಳು ಸೋತು ಉಳಿದ ದಿನಗಳು ವ್ಯರ್ಥ.

ಮರಳಿ ಬಂದ ದಿನ ಕಚೇರಿಗೆ ಹೋಗುವವರು ಜೇಬಿನಲ್ಲಿ ಕರವಸ್ತ್ರ ಇಟ್ಟುಕೊಳ್ಳಿ. ಅಲೆಯಡಿ ಮಗುಚಿದಾಗ ಮೂಗಿನ ಮೇಲಿನ ಪೊಟರೆಗಳಲ್ಲಿ ಸೇರಿಕೊಂಡ ನೀರು ಎಷ್ಟೋ ಗಂಟೆ ಅಲ್ಲೇ ಇದ್ದು, ತಲೆ ಬಗ್ಗಿಸಿದ ಕ್ಷಣ ಹೇಳದೆ ಕೇಳದೆ ಧಾರೆಯಾಗಿ ಇಳಿಯುತ್ತದೆ. ನನಗೆ ಹಾಗಾದದ್ದು ಮೇಜಿನ ಕೆಳಗೆ ಚಾರ್ಜರ್ ಸಿಕ್ಕಿಸಲು ಬಗ್ಗಿದಾಗ, ಮೀಟಿಂಗ್ ನಡುವೆ. ಪಕ್ಕದಲ್ಲಿದ್ದ ಸಹೋದ್ಯೋಗಿ ಶೀತವೇ ಎಂದು ಕೇಳಿ ಮಾಸ್ಕ್ ಹಾಕಿಕೊಂಡರು.